ನಡುವಿನ ಪೊರೆ

ಮೊಟ್ಟೆಯೊಳಗೆ ಕೋಳಿಮರಿಯ ಕತ್ತು ಇನ್ನೂ ಬೆಳೆಯುತ್ತಿತ್ತು. ಕತ್ತಿನ ಸ್ನಾಯುವಾಗಲು ಅಲ್ಲಿನ ಜೀವಕೋಶಗಳು ಒಂದರೊಳಗೊಂದು ಬೆರೆಯಬೇಕಿತ್ತು. ಬೆರೆಸುವ ಕೆಲಸ ಒಂದು ಪ್ರೋಟೀನಿನದು. ಮೊದಲ ಎರಡು ಕೋಶಗಳಲ್ಲೇ ಅದರ ತಾಳ್ಮೆ ಮುಗಿದುಹೋಯಿತು.

"ನಿನ್ನೆಯಿಂದ ತಬ್ಬಿಕೊಂಡೇ ನಿಂತಿದ್ದೀರಲ್ಲ, ಇನ್ನೂ ಯಾಕ್ರಯ್ಯಾ ಒಂದಾಗಿಲ್ಲ?" ಎಂದು ರೇಗಿತು.

"ನಾನು ಸಿದ್ಧ. ಮೊದಲು ಅವನು ತನ್ನ ಪೊರೆ ತೆರೆಯಲಿ," ಎಂದಿತು ಎಡಗಡೆಯ ಕೋಶ.

"ನಾನೇ ಯಾಕೆ ಮೊದಲು? ನನಗೇನು ಮರ್ಯಾದೆ ಇಲ್ಲವೇ?" ಎಂದಿತು ಬಲಗಡೆಯದು.

"ಇಬ್ಬರೂ ಒಟ್ಟಿಗೆ ತೆರೆದರೆ ಮಾತ್ರ ನನ್ನ ಕೈಲಾಗುವುದು ಅಂತ ಎಷ್ಟು ಸಲ ಬಡಿದುಕೊಳ್ಳಲಿ? ಕತ್ತಿಗೆ ಬಲ ಬರದಿದ್ದರೆ ಮರಿ ಚಿಪ್ಪು ಒಡೆಯಲಾರದೆ ಒಳಗೇ ಸಾಯುತ್ತದೆ. ಆಗ ಈ ಮರ್ಯಾದೆ ಎಲ್ಲಿಟ್ಟುಕೊಳ್ಳುತ್ತೀರಿ?"

ಕೋಶಗಳು ಬೆಚ್ಚಿಬಿದ್ದು ಒಟ್ಟಿಗೇ ಪೊರೆ ತೆರೆದವು. ನೋಡುತ್ತಿದ್ದಂತೆ ಎರಡೂ ಬೆರೆತು ಒಂದಾದವು.

ಪ್ರೋಟೀನು ಉಸ್ಸಪ್ಪಾ ಎಂದಿತು. ಕಾಯುತ್ತಿದ್ದ ಮೂರನೆಯ ಕೋಶವನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿ, "ಇವನನ್ನೂ ಸೇರಿಸಿಕೊಳ್ಳಿ. ಹಿಂದೆ ಇನ್ನೂ ಸಾವಿರ ಜನ ಇದ್ದಾರೆ," ಎಂದಿತು.

ಆಗಷ್ಟೇ ಒಂದಾಗಿದ್ದವರು ಒಂದೇ ದನಿಯಲ್ಲಿ ಹೇಳಿದರು: "ಮೊದಲು ಅವನು ತೆರೆಯಲಿ."