ಏಳುಮನೆ ಕೋವಿಯನ್ನು ಮಾಡಿದವರು

ಸ್ವಲ್ಪ ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳೇ. ಇದು ನಗಿಸುವ ಕಥೆಯಲ್ಲ. ಆದರೂ ಕೇಳಬೇಕಾದ ಕಥೆ.

ಕರಿಕಣಿವೆ ಅಂತ ಒಂದು ರಾಜ್ಯ. ಅದನ್ನು ಆಳುತ್ತಿದ್ದವನು ವೀರಬೊಮ್ಮ ಅನ್ನುವ ರಾಜ. ರಾಜ್ಯದ ಗಡಿಗೆ ಒಂದು ಹೊಳೆ. ಹೊಳೆಯ ಆಚೆ ಇನ್ನೊಬ್ಬ ರಾಜ. ಇಬ್ಬರಿಗೂ ಜಗಳ. ಜಗಳ ಯಾಕೆ ಶುರುವಾಯಿತು ಅಂತ ಅಜ್ಜಂದಿರಿಗೆ ಗೊತ್ತಿತ್ತೋ ಏನೋ, ಮೊಮ್ಮಕ್ಕಳಿಗೆ ಗೊತ್ತಿರಲಿಲ್ಲ. ಆದರೂ ಬೇಸಿಗೆಯಲ್ಲಿ ಹೊಳೆಯ ನೀರು ಇಳಿಯಿತೆಂದರೆ ಯುದ್ಧ.

ಕರಿಕಣಿವೆಯ ಸೈನ್ಯದಲ್ಲಿ ಮಾಳಿಂಗ ಅಂತ ಒಬ್ಬ ಇದ್ದ. ಕಮ್ಮಾರರ ಮನೆಯವನು, ಕೋವಿ ಹಿಡಿದು ಯುದ್ಧಕ್ಕೆ ಹೋಗಿದ್ದ. ಆ ಕಾಲದ ಕೋವಿ ಹೇಗಿತ್ತು ಗೊತ್ತಾ? ಒಂದು ಸಲ ಗುಂಡು ಹಾರಿಸಿದರೆ ಮುಗಿಯಿತು. ಮತ್ತೆ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಕೋಲಿನಿಂದ ಜಡಿಯಬೇಕು. ಅಷ್ಟರಲ್ಲಿ ಎದುರಿನ ಕುದುರೆ ಮೈಮೇಲೆ ಬಂದಿರುತ್ತಿತ್ತು. ಮಾಳಿಂಗನ ಅಣ್ಣ ಹಾಗೆಯೇ ಸತ್ತ, ಜಡಿಯುವ ಕೋಲು ಕೈಯಲ್ಲಿ ಇರುವಾಗಲೇ. ಮಾಳಿಂಗನ ಭುಜಕ್ಕೂ ಈಟಿ ನಾಟಿತು.

ಮೂರು ತಿಂಗಳು ಅವನು ಚಾಪೆ ಬಿಟ್ಟು ಏಳಲಿಲ್ಲ. ಮಲಗಿದಲ್ಲೇ ಒಂದೇ ಯೋಚನೆ. ಒಮ್ಮೆ ತುಂಬಿದರೆ ಏಳು ಸಲ ಹಾರುವ ಕೋವಿ ಇದ್ದಿದ್ದರೆ ಅಣ್ಣ ಬದುಕುತ್ತಿದ್ದ. ಗಾಯ ಮಾಗಿದ ಮೇಲೆ ಅವನು ರಾಜನ ಆಯುಧಶಾಲೆಗೆ ಹೋಗಿ ಕುಲುಮೆಯ ಕೆಲಸಕ್ಕೆ ಸೇರಿಕೊಂಡ.

ಮೊದಲನೆಯ ಕೋವಿ ಮಾಡಿದ. ನಳಿಗೆ ಸೀಳಿ ಹೋಯಿತು.

ಎರಡನೆಯ ಕೋವಿ ಮಾಡಿದ. ಮದ್ದು ಗುಂಡು ತುಂಬುವ ಗೂಡಿಗೆ ಮನೆ ಅಂತಾರೆ. ಒಂದು ಮನೆಯ ಬೆಂಕಿ ಏಳು ಮನೆಗೂ ಹತ್ತಿ, ಅವನ ಹುಬ್ಬು ಸುಟ್ಟಿತು.

ಮೂರನೆಯದಕ್ಕೆ ಕೈ ಹಾಕುವ ಮುಂಚೆ ಸೋತು ಕೂತ. ಆಗ ಕುಲುಮೆಯ ಮೂಲೆಯಿಂದ ಒಬ್ಬ ಎದ್ದು ಬಂದ. ಅವನ ಹೆಸರು ಇಸ್ಕಂದರ. ಕಡಲಾಚೆಯ ದೇಶದವನು. ಹೊಳೆಯಾಚೆಯ ರಾಜನ ಹತ್ತಿರ ಫಿರಂಗಿ ಎರಕ ಹೊಯ್ಯಲು ಬಂದ ವರ್ಷವೇ ಅವನನ್ನು ಯುದ್ಧದಲ್ಲಿ ಸೆರೆ ಹಿಡಿದು ತಂದಿದ್ದರು. ಕಾಲಿಗೆ ಸರಪಳಿ. ಎಂಟು ವರ್ಷದಿಂದ ಇಲ್ಲೇ ತಿದಿ ಒತ್ತುತ್ತ ನಮ್ಮ ಮಾತು ಕಲಿತಿದ್ದ.

ಇಸ್ಕಂದರ ಸೀಳಿದ ಕಬ್ಬಿಣವನ್ನು ತಿರುಗಿಸಿ ನೋಡಿದ. "ಮನೆಗಳನ್ನು ಸಾಲಾಗಿ ಇಟ್ಟಿದ್ದೀಯ. ಸುತ್ತ ಇಡು. ನಡುವೆ ಅಚ್ಚು ಕೊಡು. ಒಂದೊಂದೇ ಮನೆ ನಳಿಗೆಯ ಬಾಯಿಗೆ ಬರಲಿ, ಉಳಿದವಕ್ಕೆ ಮುಚ್ಚಳ ಇರಲಿ," ಅಂದ.

"ಇದನ್ನು ನಿಮ್ಮ ದೇಶದಲ್ಲಿ ಮಾಡ್ತಾರಾ ಇಸ್ಕಂದರಣ್ಣ?"

"ಕೋವಿಗೆ ಮಾಡಲ್ಲ. ಹಬ್ಬದಲ್ಲಿ ಬಾಣ ಬಿರುಸು ಬಿಡೋದಕ್ಕೆ ನನ್ನ ಗುರು ಹೀಗೇ ಸುತ್ತ ಮನೆ ಇರೋ, ತಿರುಗೋ ಒಂದು ಉರುಳೆ ಮಾಡಿದ್ದ. ಅವನು ಅದನ್ನ ಮೂಡಣ ದೇಶದ ಒಬ್ಬ ಮುದುಕನ ಹತ್ತಿರ ಕಲಿತಿದ್ದ. ಆ ಮುದುಕ ಎಲ್ಲಿ ಕಲಿತನೋ, ನಾನು ಕೇಳಲಿಲ್ಲ."

ಇಬ್ಬರೂ ಕೂಡಿ ದುಡಿದರು. ಉರುಳೆ ಇಸ್ಕಂದರನ ಯೋಚನೆ. ಅದನ್ನು ತಿರುಗಿಸುವ ಉಕ್ಕಿನ ಕಮಾನು ಮಾಳಿಂಗನದು. ಎಷ್ಟೋ ಕಮಾನು ಮುರಿದವು. ಕೊನೆಗೆ ಒಂದು ಮುರಿಯಲಿಲ್ಲ. ಬಯಲಿನಲ್ಲಿ ನಿಂತು ಹಾರಿಸಿದರೆ ಏಳು ಗುಂಡು ಏಳು ಮಡಕೆ ಒಡೆದವು.

ಇಸ್ಕಂದರ ಆ ಚೂರುಗಳನ್ನು ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ. "ಮಾಳಿಂಗ, ಇದನ್ನು ಮಾಡಿದವರಿಗೆ ರಾಜರು ಏನು ಕೇಳಿದರೂ ಕೊಡ್ತಾರಂತೆ. ನನಗೆ ಊರಿಗೆ ಹೋಗಬೇಕು. ಹೊರಡುವಾಗ ಮಗಳಿಗೆ ಮೂರು ವರ್ಷ. ನನ್ನ ಹೆಸರೂ ಹೇಳ್ತೀಯ?"

"ಹೇಳ್ತೀನಿ ಅಣ್ಣ. ನನ್ನ ಹೆಸರಿಗಿಂತ ಮುಂಚೆ ಹೇಳ್ತೀನಿ," ಅಂದ ಮಾಳಿಂಗ. ಅವನು ಹೇಳಿದ್ದು ಮನಸ್ಸಿನಿಂದಲೇ.

ಆದರೆ ಆಯುಧಶಾಲೆಗೆ ಒಬ್ಬ ಪಾರುಪತ್ಯಗಾರ ಇದ್ದ. ಹೆಸರು ಸೋಮರಸ. ಅಲ್ಲಿನ ಮೇಲ್ವಿಚಾರಣೆಯೆಲ್ಲ ಅವನದು. ಸುತ್ತಿಗೆ ಹಿಡಿದವನಲ್ಲ, ಆದರೆ ಮಾತು ಬಲ್ಲವನು. ಅವನು ಮಾಳಿಂಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ನೋಡಪ್ಪ, ಶತ್ರುವಿನ ಸೆರೆಯಾಳು ಮಾಡಿದ ಕೋವಿ ಅಂದರೆ ನಮ್ಮ ಸೈನಿಕರು ಮುಟ್ಟುತ್ತಾರಾ? ರಾಜರ ಮರ್ಯಾದೆ ಏನಾಗಬೇಕು? ಇದು ಕರಿಕಣಿವೆಯ ತಲೆಯಲ್ಲೇ ಹುಟ್ಟಿದ್ದು ಅಂತ ಇರಲಿ. ನನ್ನ ಹೆಸರು ಮುಂದಿರಲಿ, ನನ್ನ ಕೈಕೆಳಗೆ ದುಡಿದವನು ಅಂತ ನಿನ್ನ ಹೆಸರು ಹಿಂದಿರಲಿ. ಬೇಡ ಅಂದರೆ ನಾಳೆ ಮತ್ತೆ ಯುದ್ಧದ ಸಾಲಿಗೆ ಹೋಗು."

ಮಾಳಿಂಗನಿಗೆ ಭುಜ ನೋಯಿತು. ಆಗಲಿ ಅಂತ ತಲೆಯಾಡಿಸಿದ.

ಮರುದಿನ ತುಂಬಿದ ಸಭೆ. ಸೋಮರಸ ಕೋವಿಯನ್ನು ಎತ್ತಿ ಹಿಡಿದು ಹೇಳಿದ. "ಪ್ರಭುಗಳೇ, ಇದೆಲ್ಲಾ ನನ್ನದು, ಮಾಳಿಂಗ ನನ್ನ ಕೈಕೆಳಗೆ ದುಡಿದವನು. ಇದರಲ್ಲಿ ಹೊರಗಿನವರದು ಒಂದು ಮೊಳೆಯೂ ಇಲ್ಲ." ರಾಜ ಅವನಿಗೆ ರೇಷ್ಮೆ ನಿಲುವಂಗಿ ಹೊದಿಸಿದ. ಭಟ್ಟಂಗಿಗಳು ಕೋವಿಗೆ ಸೋಮಾಸ್ತ್ರ ಅಂತ ಹೆಸರಿಟ್ಟು ಹಾಡಿದರು. ಮಾಳಿಂಗನಿಗೆ ಕೈಗೊಂದು ಬೆಳ್ಳಿಯ ಕಡಗ ಬಂತು.

ಆ ಸಂಜೆ ಇಸ್ಕಂದರ ಕೇಳಿದ. "ಹೇಳಿದೆಯಾ?"

"ಇವತ್ತು ಜನ ಜಾಸ್ತಿ ಇದ್ದರು ಅಣ್ಣ."

ತಿಂಗಳು ಕಳೆಯಿತು. ಕೋವಿಯ ಸುದ್ದಿ ಹೊಳೆ ದಾಟಿ, ಆಚೆಯ ರಾಜನಿಂದ ಓಲೆ ಬಂತು. ಆ ಕೋವಿಯ ಉರುಳೆ ನಿಮ್ಮ ಸೆರೆಯಲ್ಲಿರುವ ನಮ್ಮ ಕಮ್ಮಾರನ ವಿದ್ಯೆ, ಅವನನ್ನು ನಮಗೆ ಒಪ್ಪಿಸಿ ಅಂತ. ಸೋಮರಸ ಸಭೆಯಲ್ಲಿ ನಕ್ಕುಬಿಟ್ಟ. "ಸೋತವರಿಗೆ ಹೊಟ್ಟೆಕಿಚ್ಚು. ಬೇಕಾದರೆ ಮಾಳಿಂಗನನ್ನೇ ಕೇಳಿ." ರಾಜ ಕೇಳಿದ. ಮಾಳಿಂಗ ನೆಲ ನೋಡುತ್ತ, "ನಮ್ಮದೇ ಕೆಲಸ ಬುದ್ಧಿ," ಅಂದ.

ಇಸ್ಕಂದರ ಕೇಳಿದ. "ಹೇಳಿದೆಯಾ?"

"ಈಗ ಹೇಳಿದರೆ ನಿನ್ನನ್ನು ಊರಿಗೆ ಬಿಡಲ್ಲ ಅಣ್ಣ, ಆ ರಾಜನ ಕೈಗೆ ಕೊಟ್ಟುಬಿಡ್ತಾರೆ. ಸ್ವಲ್ಪ ತಡಿ."

ವರ್ಷ ಕಳೆಯಿತು. ಇಸ್ಕಂದರ ಮೂರನೆಯ ಸಲ ಕೇಳಿದ. ಮಾಳಿಂಗ ಬೆನ್ನು ತಿರುಗಿಸಿ ಕೆಂಡ ಕೆದಕಿದ. ಆಮೇಲೆ ಇಸ್ಕಂದರ ಕೇಳುವುದನ್ನು ಬಿಟ್ಟ. ಒಂದೇ ಕುಲುಮೆಯ ಎರಡು ಪಕ್ಕ ಕೂತು ಇಬ್ಬರೂ ಮಾತಿಲ್ಲದೆ ಕೆಲಸ ಮಾಡಿದರು.

ಈಗ ಕೋವಿಯ ಸಂಗತಿ ಕೇಳಿ. ಯುದ್ಧದಲ್ಲಿ ಸತ್ತವರ ಕೈಯಿಂದ ಕೋವಿಗಳು ಬಿದ್ದವು. ಆಚೆಯವರು ಹೆಕ್ಕಿಕೊಂಡರು. ಅವರ ಕಮ್ಮಾರರು ಬಿಚ್ಚಿ ನೋಡಿ, ಹಾಗೆಯೇ ನೂರು ಮಾಡಿದರು. ಅಲ್ಲಿಂದ ದರೋಡೆಗಾರರ ಕೈಗೆ ಹೋದವು. ಮಾಡಿದವನ ಮಾತು ಕೇಳುವ ಗುಣ ಕೋವಿಗೆ ಇರುವುದಿಲ್ಲ. ಯಾರು ಹಿಡಿದರೂ ಹಾರುತ್ತದೆ.

ಸುಗ್ಗಿಯ ಕಾಲ. ನೇರಳಕಟ್ಟೆ ಅನ್ನುವ ಊರಿನವರು ಕಣದಲ್ಲಿ ರಾಗಿ ತೂರುತ್ತಿದ್ದರು. ಹಾಡಹಗಲು. ಆರು ಜನ ದರೋಡೆಗಾರರು ಕುದುರೆಯ ಮೇಲೆ ಬಂದರು. ಆರೇ ಜನ. ಹಿಂದಿನ ಕೋವಿಯಾಗಿದ್ದರೆ ಆರು ಗುಂಡು ಹಾರಿ ಮತ್ತೆ ತುಂಬುವಷ್ಟರಲ್ಲಿ ಊರಿನವರು ಓಡಿ ಬಚಾವಾಗುತ್ತಿದ್ದರು. ಇದು ಏಳುಮನೆ ಕೋವಿ. ಮೂವತ್ತೊಂದು ಜನ ಕಣದಲ್ಲೇ ಬಿದ್ದರು. ತೂರಿದ ರಾಗಿಯ ಹೊಟ್ಟು ಅವರ ಮೇಲೆ ಇಳಿಯಿತು.

ಅರಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕುವ ನಾಗವ್ವ ಅನ್ನುವ ಮುದುಕಿ ಇದ್ದಳು. ನೇರಳಕಟ್ಟೆ ಅವಳ ತವರು. ಸತ್ತವರಲ್ಲಿ ಅವಳ ತಮ್ಮನೂ ಅವನ ಸೊಸೆಯೂ ಇದ್ದರು. ಅವಳು ಅಳುತ್ತ ಕೂರಲಿಲ್ಲ. ನೆಟ್ಟಗೆ ರಾಜನ ಮುಂದೆ ಹೋಗಿ ನಿಂತಳು.

"ಬುದ್ಧಿ, ನಾನು ಇಪ್ಪತ್ತು ವರ್ಷದಿಂದ ಆಯುಧಶಾಲೆಗೂ ಎಣ್ಣೆ ಹೊತ್ತಿದ್ದೀನಿ. ಅಲ್ಲಿ ಯಾರು ಕೈಗೆ ಮಸಿ ಹಚ್ಚಿಕೊಂಡರು, ಯಾರು ಹಚ್ಚಿಕೊಳ್ಳಲಿಲ್ಲ ಅಂತ ಕಂಡಿದ್ದೀನಿ. ನಾನು ಹೇಳಿದರೆ ನೀವು ನಂಬಲ್ಲ. ಸಭೆಯಲ್ಲಿ ಒಂದು ಮಾತು ಕೇಳೋದಕ್ಕೆ ಅಪ್ಪಣೆ ಕೊಡಿ. ಕೇಳುವಾಗ ನೀವು ಸುಮ್ಮನಿರಬೇಕು."

ರಾಜ ಅವಳ ಮುಖ ನೋಡಿ, ಆಗಲಿ ಅಂದ.

ಸಭೆ ಸೇರಿತು. ನೇರಳಕಟ್ಟೆಯಿಂದ ಉಳಿದವರನ್ನು ಕರೆಸಿದ್ದರು. ಅವರು ಒಂದು ಪಕ್ಕದಲ್ಲಿ ನಿಂತಿದ್ದರು. ಗಂಡಸರ ಕೈಯಲ್ಲಿ ಕವೆಗೋಲು, ಹೆಂಗಸರ ಕೈಯಲ್ಲಿ ಏನೂ ಇಲ್ಲ. ನಡುವೆ ಕಂಬಳಿಯ ಮೇಲೆ ಒಂದು ಏಳುಮನೆ ಕೋವಿ. ಹಿಂದೆ ಗೋಡೆಯ ಪಕ್ಕ ಮಾಳಿಂಗ, ಸರಪಳಿಯ ಇಸ್ಕಂದರ.

ನಾಗವ್ವ ಸೋಮರಸನ ಹತ್ತಿರ ಹೋದಳು. "ಸ್ವಾಮಿ, ಈ ಜನ ತುಂಬ ದೂರದಿಂದ ಬಂದಿದ್ದಾರೆ. ಈ ಕೋವಿ ಮಾಡಿದವರು ಯಾರೋ ಅವರು ನಮ್ಮ ಕಣಕ್ಕೆ ಬಂದು ನಿಲ್ಲಬೇಕು ಅಂತ ಕೇಳ್ತಿದ್ದಾರೆ. ಹೊರಗೆ ಗಾಡಿ ಕಟ್ಟಿದೆ. ತಾವು ಹೊರಡ್ತೀರಾ?"

ಸೋಮರಸ ಕವೆಗೋಲುಗಳನ್ನು ನೋಡಿದ. ರಾಜನನ್ನು ನೋಡಿದ. ರಾಜ ಸುಮ್ಮನಿದ್ದ.

"ನಾನ್ಯಾಕೆ ಹೋಗಲಿ? ನಾನೇನು ಕಮ್ಮಾರನಾ?" ಅಂದ ಸೋಮರಸ.

"ಹಾಗಾದರೆ ಉರುಳೆ ಯಾರದು ಸ್ವಾಮಿ?"

"ಅದು ಆ ಪರದೇಶಿಯದು."

"ಕಮಾನು ಯಾರದು?"

"ಮಾಳಿಂಗನದು."

"ಮುಚ್ಚಳ?"

"ಅವರಿಬ್ಬರದೇ. ನಾನು ಮುಟ್ಟಿಯೂ ಇಲ್ಲ. ಎಲ್ಲರಿಗೂ ಗೊತ್ತು."

ನಾಗವ್ವ ರಾಜನ ಕಡೆ ತಿರುಗಿದಳು. "ಕೇಳಿಸಿತಾ ಬುದ್ಧಿ? ಅವತ್ತು ಇದೇ ಜಾಗದಲ್ಲಿ ಒಂದು ಮೊಳೆಯೂ ಹೊರಗಿನದಲ್ಲ, ಎಲ್ಲಾ ನನ್ನದು ಅಂದಿದ್ದರು. ಇವತ್ತು ಒಂದು ಮೊಳೆಯೂ ತಮ್ಮದಲ್ಲ ಅಂತಿದ್ದಾರೆ. ಇವತ್ತಿನದು ನಿಜ. ಇವರನ್ನು ಯಾರೂ ಗಾಡಿ ಹತ್ತಿಸೋದಿಲ್ಲ, ಇವರಿಗೆ ನಮ್ಮ ಕಣದಲ್ಲಿ ಕೆಲಸ ಇಲ್ಲ. ಆದರೆ ಆ ನಿಲುವಂಗಿ ಇವರದಲ್ಲ."

ಸೋಮರಸನಿಗೆ ಆಗ ತಿಳಿಯಿತು, ತನ್ನ ಬಾಯಿಂದಲೇ ತಾನು ಸಿಕ್ಕಿಬಿದ್ದೆ ಅಂತ. ತಿದ್ದಿಕೊಳ್ಳೋಣ ಅಂದರೆ ಎದುರಿಗೆ ನೇರಳಕಟ್ಟೆಯವರು. ಕೋವಿ ನನ್ನದೇ ಅನ್ನಲು ಧೈರ್ಯ ಬರಲಿಲ್ಲ. ನಿಲುವಂಗಿಯನ್ನು ಬಿಚ್ಚಿ ನೆಲದ ಮೇಲಿಟ್ಟ. ರಾಜ ಅವನನ್ನು ಕೆಲಸದಿಂದ ತೆಗೆದು ಗಡಿ ದಾಟಿಸಿದ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೋಡೆಯ ಪಕ್ಕದಿಂದ ಮಾಳಿಂಗ ಮುಂದೆ ಬಂದ. ಅವನನ್ನು ಯಾರೂ ಕರೆದಿರಲಿಲ್ಲ.

"ಬುದ್ಧಿ, ಕೋವಿ ನಾನು ಮಾಡಿದ್ದು. ಅಣ್ಣ ಸತ್ತ ಅಂತ ಮಾಡಿದೆ. ಉರುಳೆ ಇಸ್ಕಂದರಣ್ಣನ ಯೋಚನೆ, ಅವನು ಹೇಳಿಕೊಡದಿದ್ದರೆ ನನಗೆ ಆಗುತ್ತಿರಲಿಲ್ಲ. ಅವನ ಹೆಸರು ಹೇಳ್ತೀನಿ ಅಂತ ಮಾತು ಕೊಟ್ಟು ಮೂರು ಸಲ ತಪ್ಪಿದೆ. ತಮ್ಮ ಮುಂದೆಯೂ ಸುಳ್ಳು ಹೇಳಿದೆ. ಗಾಡಿಯಲ್ಲಿ ನಾನು ಹೋಗ್ತೀನಿ."

ಇಸ್ಕಂದರ ಹಿಂದಿನಿಂದ ಹೇಳಿದ. "ಉರುಳೆ ನಾನು ಕೊಟ್ಟಿದ್ದು. ಹಬ್ಬದ ಸಾಮಾನು ಅಂತ ಗೊತ್ತಿದ್ದೂ ಕೊಲ್ಲೋದಕ್ಕೆ ಕೊಟ್ಟೆ, ಮಗಳನ್ನು ನೋಡೋ ಆಸೆಗೆ. ನನ್ನ ಪಾಲು ನನ್ನದು."

ರಾಜ ಇಳಿದು ಬಂದು ಕಂಬಳಿಯ ಮೇಲಿನ ಆ ಕೋವಿಯನ್ನು ಎತ್ತಿ ನೋಡಿದ. "ಹೊಗಳಿಕೆ ಹಂಚುವಾಗ ನನಗೆ ಇಷ್ಟು ವಿಚಾರಣೆ ಮಾಡುವ ಬುದ್ಧಿ ಬರಲಿಲ್ಲವಲ್ಲ," ಅಂದ. ಇಸ್ಕಂದರನ ಸರಪಳಿ ಬಿಚ್ಚಿಸಿ, ಹಡಗು ಹತ್ತಿಸಿ ಬರಲು ಜೊತೆಗೆ ಆಳು ಕೊಟ್ಟ.

ಹೊರಡುವಾಗ ಮಾಳಿಂಗ ಅವನ ಕಾಲು ಮುಟ್ಟಲು ಬಗ್ಗಿದ. ಇಸ್ಕಂದರ ಅವನ ಕೈ ಹಿಡಿದು ಎತ್ತಿದ.

"ನೀನು ಮೊದಲ ದಿನವೇ ಹೇಳಿದ್ದರೆ ಮಗಳಿಗೆ ಹನ್ನೊಂದು. ಈಗ ಹದಿಮೂರು," ಅಂದ. ಬೈಗುಳದ ಮಾತಲ್ಲ, ಇದ್ದದ್ದನ್ನು ಹೇಳಿದ.

ಮಾಳಿಂಗ ನೇರಳಕಟ್ಟೆಗೆ ಹೋದ. ಅಲ್ಲಿ ಯಾರೂ ಅವನನ್ನು ಹೊಡೆಯಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಊರ ಹೊರಗೆ ಚಪ್ಪರ ಹಾಕಿ ಕುಲುಮೆ ಹೂಡಿದ. ನೇಗಿಲಿನ ಕುಡ, ಕುಡುಗೋಲು, ಗುದ್ದಲಿ ಮಾಡಿ ಮುಂದೆ ಜೋಡಿಸಿಟ್ಟ. ಮಳೆಗಾಲ ಬಂತು, ಯಾರೂ ಬರಲಿಲ್ಲ. ಚಳಿಗಾಲ ಬಂತು, ಯಾರೂ ಬರಲಿಲ್ಲ. ಕಬ್ಬಿಣ ತುಕ್ಕು ಹಿಡಿಯಿತು, ಉಜ್ಜಿ ಮತ್ತೆ ಜೋಡಿಸಿದ.

ಮುಂದಿನ ಸುಗ್ಗಿಗೆ ಒಬ್ಬ ಹೆಂಗಸು ಬಂದಳು. ಅವಳ ಗಂಡ ಆ ಕಣದಲ್ಲಿ ಸತ್ತಿದ್ದ. ಮುರಿದ ಒಂದು ಕುಡುಗೋಲನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟಳು. ಮಾಳಿಂಗ ಬೆಸೆದು, ಸಾಣೆ ಹಿಡಿದು ಕೊಟ್ಟ. ಅವಳು ಹೆಬ್ಬೆರಳಿನಿಂದ ಕುಡುಗೋಲಿನ ಅಲಗು ಮುಟ್ಟಿ ನೋಡಿದಳು.

"ನಾಳೆ ನನ್ನ ಓರಗಿತ್ತಿದೂ ತರ್ತೀನಿ," ಅಂದು ಹೋದಳು.

ಕೇಳಿದಿರಾ ಮಕ್ಕಳೇ? ಒಬ್ಬರಿಂದ ಕಲಿತದ್ದನ್ನು ಕಲಿತೆ ಅಂತಲೇ ಹೇಳಬೇಕು, ಅವರು ಯಾವ ದೇಶದವರಾದರೂ ಸರಿ. ಹೇಳುವುದನ್ನು ತಡಮಾಡಬಾರದು. ಮತ್ತೆ, ನಾನು ಮಾಡಿದೆ ಅಂತ ಹೆಸರು ಬೇಕಾದವನು, ಮಾಡಿದ್ದರಿಂದ ಏನೇನಾಯಿತೋ ಅದರ ಹೊಣೆಯನ್ನೂ ಹೊರಬೇಕು. ನೇರಳಕಟ್ಟೆಯವರು ಇದನ್ನು ತಮ್ಮ ಮಕ್ಕಳಿಗೆ ಹೇಳಿದರು. ಅವರಿಂದ ನಮ್ಮಜ್ಜಿ ಕೇಳಿದಳು. ನಮ್ಮಜ್ಜಿಯಿಂದ ನಾನು ಕೇಳಿದೆ.