ಬದುವಿನ ಮೇಲೆ ಚೆಲ್ಲಿದ ಬೂದಿ

“ಸರ್, ಹೊತ್ತು ತಂದದ್ದೆಲ್ಲ ದಾರಿಯಲ್ಲೇ ಮುಗಿದುಹೋದರೆ, ಹೊರುವುದಾದರೂ ಯಾಕೆ?”

ಈ ಪ್ರಶ್ನೆಯನ್ನು ವಾರಿಜಾ ಬಸ್ಸಿನಲ್ಲಿ ಬರುತ್ತಾ ಹತ್ತಾರು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು. ಆದರೂ ಮೇಷ್ಟ್ರ ಎದುರು ದನಿ ಸಣ್ಣದಾಯಿತು. ಅವಳ ಕೈಯಲ್ಲಿ ಒಂದು ಅರ್ಜಿ ಇತ್ತು. ಎಂ.ಎ. ಓದನ್ನು ಇಲ್ಲಿಗೆ ನಿಲ್ಲಿಸುತ್ತೇನೆ ಎಂದು ಅದರಲ್ಲಿ ಬರೆದಿದ್ದಳು. ಮೇಷ್ಟ್ರು ಸಹಿ ಹಾಕಿದರೆ ಮುಗಿಯಿತು.

ಹಾಸ್ಟೆಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಊರಿನಿಂದ ವಿಶ್ವವಿದ್ಯಾಲಯಕ್ಕೆ ಎರಡು ಬಸ್ಸು, ಮೂರು ಗಂಟೆ. ಸಂಜೆ ಮತ್ತೆ ಮೂರು ಗಂಟೆ. ಒಂದೂವರೆ ವರ್ಷದಿಂದ ಹೀಗೇ. ಮೊದಮೊದಲು ಬಸ್ಸಿನಲ್ಲಿ ಓದುತ್ತಿದ್ದಳು. ಈಗ ತೊಡೆಯ ಮೇಲೆ ಪುಸ್ತಕ ತೆರೆದಿರುತ್ತದೆ, ಅವಳು ನಿದ್ದೆಯಲ್ಲಿರುತ್ತಾಳೆ. “ನಿಮಗಿಂತ ಮೊದಲು ನಮ್ಮ ಬಸ್ಸಿಗೇ ಡಿಗ್ರಿ ಸಿಗುತ್ತೆ ಬಿಡಿ ಮೇಡಂ,” ಎಂದು ಕಂಡಕ್ಟರ್ ನಗುತ್ತಾನೆ. ಭಾನುವಾರ ಬಂತೆಂದರೆ ನೋಟ್ಸ್ ಮುಚ್ಚಿಟ್ಟು, ಕಲಿತದ್ದರಲ್ಲಿ ಏನು ಉಳಿದಿದೆ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದಳು. ವಾರದಿಂದ ವಾರಕ್ಕೆ ಅದು ಕಡಿಮೆಯಾಗುತ್ತಾ ಬಂದಿತ್ತು. ಹೋದ ಭಾನುವಾರ ಏನೂ ಸಿಗಲಿಲ್ಲ.

ಮೇಷ್ಟ್ರು ಅರ್ಜಿ ಓದಿದರು. ಪೆನ್ನಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಸಹಿ ಹಾಕಲಿಲ್ಲ. “ಕೂತುಕೋ,” ಎಂದು ಹೇಳತೊಡಗಿದರು.

ಬೆಂಕಿಪೊಟ್ಟಣ ಇಲ್ಲದ ಕಾಲ. ಹೊಲಗಳ ನಡುವೆ ಒಂದು ಒಂಟಿ ಮನೆ. ಅಲ್ಲಿ ಒಬ್ಬ ರೈತನ ಹೆಂಡತಿ, ಅವಳ ಅತ್ತೆ. ರೈತ ಗಾಡಿ ಕಟ್ಟಿಕೊಂಡು ದೂರದ ಸೀಮೆಗೆ ಹೋಗಿದ್ದ. ಅತ್ತೆಗೆ ಚಳಿಜ್ವರ. ಒಂದು ಬೆಳಿಗ್ಗೆ ಗಂಜಿಯ ಗಡಿಗೆ ಒಲೆಯ ಮೇಲೇ ಒಡೆದು ಬೆಂಕಿ ಆರಿಹೋಯಿತು. ಒಲೆ ಉರಿಯುವ ಇನ್ನೊಂದು ಮನೆ ಇದ್ದದ್ದು ಎರಡು ಹರಿದಾರಿ ಆಚೆ. ಸೊಸೆ ನಡೆದಳು.

ಆ ಮನೆಯ ಅಜ್ಜಿ ಪುಟ್ಟ ಮಡಕೆಯಲ್ಲಿ ಬೂದಿ ಹಾಸಿ, ಬೆರಣಿಯ ಕೆಂಡ ಇಟ್ಟು, ಮೇಲೆ ಮತ್ತೆ ಬೂದಿ ಮುಚ್ಚಿ ಕೊಟ್ಟಳು. ಸೊಸೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅನುಮಾನ ಬಂತು. ಇದೆಯೋ, ಆರಿತೋ? ಬೂದಿ ಸರಿಸಿ ನೋಡಿದಳು. ಇತ್ತು. ಸ್ವಲ್ಪ ದೂರ ಹೋಗಿ ಮತ್ತೆ ಸರಿಸಿದಳು. ಸರಿಸಿದಾಗಲೆಲ್ಲ ಕೆಂಡ ಗಾಳಿಗೆ ಒಮ್ಮೆ ಹೊಳೆಯಿತು, ಅಷ್ಟು ಸವೆಯಿತು. ಮನೆ ಮುಟ್ಟುವಾಗ ಬೂದಿ ಮಾತ್ರ ಇತ್ತು.

ಮರುದಿನ ಮತ್ತೆ ಹೋದಳು.

“ತೆಗೆದು ತೆಗೆದು ನೋಡಿದೆಯೇನೇ?” ಎಂದಳು ಅಜ್ಜಿ.

“ಹೌದಜ್ಜಿ. ಇದೆಯೋ ಇಲ್ಲವೋ ಅಂತ.”

“ಈ ಸಲ ಮುಟ್ಟಬೇಡ. ಸುಮ್ಮನೆ ನಡಿ. ಒಲೆ ಮುಂದೆ ಕೂತು ಆಮೇಲೆ ಊದು.”

ಈ ಸಲ ಅವಳು ಮುಟ್ಟಲಿಲ್ಲ. ಅರ್ಧ ದಾರಿಗೆ ಮಡಕೆ ತಣ್ಣಗಾಯಿತು. ಹೊಗೆ ಇಲ್ಲ, ವಾಸನೆಯೂ ಇಲ್ಲ. ಆದರೂ ನಡೆದಳು. ಕುರಿ ಕಾಯುವವನೊಬ್ಬ ಎದುರಾಗಿ, ಮಡಕೆಯಲ್ಲಿ ಏನು ತಾಯಿ ಎಂದ. ಬೆಂಕಿ ಎಂದಳು. ಅವನು ಮಡಕೆಯ ಬಾಯಿಗೆ ಅಂಗೈ ಹಿಡಿದು ನೋಡಿದ.

“ಇದಾ? ನಮ್ಮ ಟಗರಿನ ಮೂಗು ಇದಕ್ಕಿಂತ ಬೆಚ್ಚಗಿದೆಯಲ್ಲ ತಾಯಿ.”

ಮನೆಯ ಸೂರು ಕಾಣುತ್ತಿತ್ತು. ಬರಿಗೈಯಲ್ಲಿ ಹೋಗುವುದು ಅವಳಿಗೆ ಅಷ್ಟು ಕಷ್ಟವಾಗಿರಲಿಲ್ಲ. ಅತ್ತೆ ನೋಡುತ್ತಿರುವಾಗ ಒಲೆಯ ಮುಂದೆ ಕೂತು ಬೂದಿಯನ್ನು ಊದುವುದು ಅವಳಿಂದ ಆಗುತ್ತಿರಲಿಲ್ಲ. ತಮ್ಮ ಹೊಲದ ಬದುವಿನ ಮೇಲೆ, ಒಣಹುಲ್ಲಿನಲ್ಲಿ, ಮಡಕೆ ಬೋರಲು ಹಾಕಿದಳು. ತಿರುಗಿ ನೋಡದೆ ಮನೆಗೆ ನಡೆದಳು.

“ಬೆಂಕಿ ತಂದೆಯಾ ಮಗಳೇ?” ಅತ್ತೆ ಕಂಬಳಿಯೊಳಗಿಂದ ಕೇಳಿದಳು.

“ಆರಿಹೋಗಿತ್ತು ಅತ್ತೆ. ಚೆಲ್ಲಿಬಿಟ್ಟೆ.”

ಮುದುಕಿ ಗೋಡೆಯ ಕಡೆಗೆ ಮಗ್ಗುಲಾದಳು. ಅವಳಿಗೆ ಗಾಳಿ ತಾಗಬಾರದೆಂದು ಸೊಸೆ ಬಾಗಿಲು ಮುಚ್ಚಿದಳು.

ಬೆಳಿಗ್ಗೆ ಮೂರನೆಯ ಸಲ ಹೊರಟಳು. ಬದುವಿನ ಹತ್ತಿರ ಕಾಲು ನಿಂತಿತು. ಅವಳು ಬೂದಿ ಚೆಲ್ಲಿದ ಜಾಗದಿಂದ ಪಕ್ಕದ ಹೊಲದ ಅಂಚಿನವರೆಗೆ ಹುಲ್ಲು ಸುಟ್ಟು ಕಪ್ಪಗಾಗಿತ್ತು. ಬಗ್ಗಿ ಕೈಯಿಟ್ಟು ನೋಡಿದಳು. ಒಂದು ಕಡೆಯೂ ಬಿಸಿ ಇರಲಿಲ್ಲ.

ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ವಾರಿಜಾ ಕಾದಳು. ಹೊರಗೆ ಕಾರಿಡಾರಿನಲ್ಲಿ ಯಾರೋ ಮಾತಾಡಿಕೊಂಡು ಹೋದರು.

“ಅತ್ತೆ ಉಳಿದಳಾ ಸರ್?”

ಮೇಷ್ಟ್ರು ಅರ್ಜಿಯನ್ನು ಅವಳ ಕಡೆಗೆ ತಿರುಗಿಸಿಟ್ಟು ಪೆನ್ನು ಕೈಗೆತ್ತಿಕೊಂಡರು.

“ಸಹಿ ಎಲ್ಲಿ ಹಾಕಲಿ, ನೀನೇ ತೋರಿಸು.”