ಸೌಟು ಹಿಡಿದವನ ಊಟ

ಘಟಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿಯ ಗುರುಗಳು ಮಡಿವಾಳಯ್ಯನವರು. ಎಲ್ಲರೂ ಅವರನ್ನು ಅಪ್ಪಾರು ಎಂದೇ ಕರೆಯುತ್ತಿದ್ದರು. ಆಶ್ರಮಕ್ಕಿದ್ದದ್ದು ಒಂದೇ ವ್ರತ: ಬಂದು ಕೇಳಿದವರಿಗೆ ಇಲ್ಲ ಎನ್ನಬಾರದು.

ಶಿಷ್ಯ ಕಲ್ಮೇಶ ಅಲ್ಲಿಗೆ ಬಂದದ್ದು ಧ್ಯಾನಕ್ಕೆಂದು. ಕೊರಳಿಗೆ ಬಿದ್ದದ್ದು ಕಂಪ್ಯೂಟರುಗಳು.

ಕಚೇರಿ, ಗ್ರಂಥಾಲಯ, ಕಣ್ಣಿನ ದವಾಖಾನೆ, ಎಲ್ಲ ಕಡೆಯ ಕಂಪ್ಯೂಟರುಗಳನ್ನೂ ಅವನು ನದಿ ಪಕ್ಕದ ಕೋಣೆಯಲ್ಲಿ ಕುಳಿತೇ ನೋಡಿಕೊಳ್ಳುತ್ತಿದ್ದ. ದಿನದ ಕೆಲಸಕ್ಕೆ ಪ್ರತಿಯೊಬ್ಬರಿಗೂ ಲಾಗಿನ್ ಆಗಲು ಒಂದು ಸಣ್ಣ ಹೆಸರು ಕೊಟ್ಟಿದ್ದ. ಆ ಹೆಸರಿನಲ್ಲಿ ಓದಬಹುದು, ಬರೆಯಬಹುದು, ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಲು ಬಾರದು. ಹಾಕುವುದಕ್ಕೂ ತೆಗೆಯುವುದಕ್ಕೂ ಬೇರೆಯೇ ಒಂದು ದೊಡ್ಡ ಹೆಸರಿತ್ತು. ಅದರ ಪಾಸ್‌ವರ್ಡ್ ಕಲ್ಮೇಶನೊಬ್ಬನಿಗೇ ಗೊತ್ತು.

ಒಂದು ಬೆಳಿಗ್ಗೆ ದವಾಖಾನೆಗೆ ಕಣ್ಣು ಪರೀಕ್ಷಿಸುವ ಹೊಸ ಯಂತ್ರ ಬಂತು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಹಾಕಬೇಕು. ದವಾಖಾನೆ ನೋಡಿಕೊಳ್ಳುವ ಗೌರಕ್ಕ ಮೇಲಿಂದ ಮೇಲೆ ಫೋನ್ ಮಾಡಿದಳು. ಕಲ್ಮೇಶ ಸ್ನಾನಕ್ಕೆ ಹೋದವನು ದಂಡೆಯಲ್ಲೇ ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತುಬಿಟ್ಟಿದ್ದ. ಅವನು ಬರುವ ಹೊತ್ತಿಗೆ ಪೊರೆಗಣ್ಣಿನ ಮುದುಕಿಯರು ಅಂಗಳದ ಬಿಸಿಲಿನಲ್ಲಿ ಬಾಡಿಹೋಗಿದ್ದರು.

ಗೌರಕ್ಕ ದನಿ ಏರಿಸಲಿಲ್ಲ. "ಕೀಲಿ ನಿನ್ನ ಹತ್ತಿರನ ಇರ್ಲಿ ತಮ್ಮಾ. ಇವರು ಬಿಸಲಾಗ ಇರ್ತಾರ," ಎಂದಳು.

ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ವ್ರತ ಹಿಡಿದ ಮನೆಯಲ್ಲಿ ಇಲ್ಲ ಎನ್ನುತ್ತಾ ಕುಳಿತವನು ತಾನೊಬ್ಬನೇ ಎಂದು ಕಲ್ಮೇಶನಿಗೆ ಅನ್ನಿಸಿತು. ನೇರ ಅಪ್ಪಾರ ಬಳಿ ಹೋದ.

"ಅಪ್ಪಾರ, ದೊಡ್ಡ ಹೆಸರು ಎಲ್ಲಾರಿಗೂ ಕೊಟ್ಟುಬಿಡ್ತೀನ್ರಿ. ಇಲ್ಲಾಂದ್ರ ಈ ಕೆಲಸ ಬಿಡಿಸ್ರಿ. ವ್ರತ ಮುರಿಯಾಕ ನನ್ನ ಕೈಲೆ ಆಗಂಗಿಲ್ಲ."

ಅಪ್ಪಾರು ನಾಳೆ ದಾಸೋಹದಲ್ಲಿ ಸಾರು ನೀಡು ಎಂದಷ್ಟೇ ಹೇಳಿ ಗಿಡಗಳಿಗೆ ನೀರು ಹಾಕಲು ಎದ್ದರು.

ಮರುದಿನ ಸಾರಿನ ಕೊಪ್ಪರಿಗೆಯ ಮುಂದೆ ತಟ್ಟೆ ಹಿಡಿದವರ ಸಾಲು ಬಾಗಿಲು ದಾಟಿತ್ತು. ಒಬ್ಬರಿಗೆ ತಿಳಿ ಬೇಕು, ಒಬ್ಬರಿಗೆ ಗಟ್ಟಿ ಬೇಕು. ಹಿರಿಯರೊಬ್ಬರಿಗೆ ಎಷ್ಟು ಹಾಕಿದರೂ ಸಮಾಧಾನವಿಲ್ಲ. ಕಲ್ಮೇಶನ ತೋಳು ಸೋತಿತ್ತು, ಮನಸ್ಸು ಗೌರಕ್ಕನ ಮಾತಿನಲ್ಲೇ ಇತ್ತು. ಇಲ್ಲ ಎನ್ನಬಾರದಲ್ಲ, ಬೇಕಾದಷ್ಟು ತಾವೇ ಹಾಕಿಕೊಳ್ಳಲಿ ಎಂದುಕೊಂಡು ಸೌಟನ್ನೇ ಅವರ ಕೈಗಿಟ್ಟ.

ಹಿರಿಯರು ಖುಷಿಯಿಂದ ಒಂದು ಸೌಟು ತುಂಬಿಕೊಂಡರು. ಉಪ್ಪು ಸರಿ ಇದೆಯೋ ನೋಡೋಣವೆಂದು ಸೌಟಿನಿಂದಲೇ ಸುರ್ರೆಂದು ಹೀರಿದರು. ತಲೆದೂಗಿದರು. ಅದೇ ಸೌಟನ್ನು ಮತ್ತೆ ಕೊಪ್ಪರಿಗೆಯಲ್ಲಿ ಅದ್ದಿದರು.

ಅಡುಗೆಯ ನೀಲವ್ವ ಹಣೆ ಬಡಿದುಕೊಂಡಳು. ಕೊಪ್ಪರಿಗೆಗೆ ಕೊಪ್ಪರಿಗೆಯೇ ಎಂಜಲಾಗಿತ್ತು. ಪಾಪ, ಹಿರಿಯರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಸಾರು ದನಗಳ ಬಾನಿಗೆ ಹೋಯಿತು, ಸಾಲು ಖಾಲಿ ತಟ್ಟೆ ಹಿಡಿದು ನಿಂತಿತು.

ಅಪ್ಪಾರು ತಾವೂ ಒಂದು ತಟ್ಟೆ ಹಿಡಿದು ಸಾಲಿನ ಕೊನೆಗೆ ನಿಂತರು.

ಹೊಸ ಸಾರು ಕುದಿಯಿತು. ಕಲ್ಮೇಶ ಈ ಸಲ ಸೌಟನ್ನು ಬಿಗಿಯಾಗಿ ಹಿಡಿದ. ಅಪ್ಪಾರ ಸರದಿ ಬಂದಾಗ ಮೆಲ್ಲಗೆ ಹೇಳಿದ:

"ತಿಳೀತ್ರಿ ಅಪ್ಪಾರ. ಸಾರು ಕೇಳಿದವರಿಗೆ ಸಾರು ಕೊಡಬೇಕು. ಸೌಟು ಕೊಡಬಾರದು."

"ಅರ್ಧ ತಿಳೀತು," ಎಂದರು ಅಪ್ಪಾರು.

ತಟ್ಟೆ ಬದಿಗಿಟ್ಟು ಒಂದು ಸಣ್ಣ ಬಕೀಟು ಚಾಚಿದರು, ಸಾರು ತುಂಬಿಸಿಕೊಂಡರು. ಹೊರಗೆ ಬೇವಿನ ಕಟ್ಟೆಯ ಮೇಲೆ ಸಾಲಿನಲ್ಲಿ ನಿಲ್ಲಲಾರದ ಮುದುಕಿಯರು ಕುಳಿತಿದ್ದರು. ಯಾರೂ ಇನ್ನೂ ಕೇಳಿರಲಿಲ್ಲ. ಅಪ್ಪಾರು ಒಬ್ಬೊಬ್ಬರ ಎದುರಿಗೂ ಬಗ್ಗಿ ನೀಡುತ್ತಾ ಹೋದರು.

ಕಲ್ಮೇಶ ಸೌಟು ಹಿಡಿದುಕೊಂಡೇ ಅದನ್ನು ನೋಡಿದ. ನಾಚಿಕೆಯಾಯಿತು, ಅದರ ಹಿಂದೆಯೇ ಎದೆ ಹಗುರವೂ ಆಯಿತು.

ಅಂದಿನಿಂದ ಅವನ ರೀತಿ ಬದಲಾಯಿತು. ಸಂಜೆ ಎಲ್ಲರ ಬಳಿಗೂ ತಾನೇ ಹೋಗಿ ನಾಳೆಗೆ ಏನು ಬೇಕೆಂದು ವಿಚಾರಿಸುವನು. ಬೆಳಿಗ್ಗೆ ಅವರು ಬಾಗಿಲು ತೆಗೆಯುವ ಮೊದಲೇ ತನ್ನ ಕೋಣೆಯಿಂದ ಅವರ ಕಂಪ್ಯೂಟರಿಗೆ ಹೊಕ್ಕು, ಬೇಕಾದ್ದನ್ನು ಹಾಕಿ, ಸದ್ದಿಲ್ಲದೆ ಹೊರಬರುವನು. ಆಮೇಲೆಯೇ ನದಿಗೆ ಸ್ನಾನಕ್ಕೆ. ಪಾಸ್‌ವರ್ಡ್ ಕೇಳುವುದನ್ನೇ ಎಲ್ಲರೂ ಮರೆತರು. ದವಾಖಾನೆಯಲ್ಲಿ ಮುದುಕಿಯರು ನೆರಳಲ್ಲೇ ಕುಳಿತು ಕಣ್ಣು ತೋರಿಸಿಕೊಂಡು ಹೋಗತೊಡಗಿದರು. ಗೌರಕ್ಕ ಹಿತ್ತಲ ಪೇರಲ ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿ ತಂದು ಅವನ ಮೇಜಿನ ಮೇಲೆ ಸುರಿದಳು.

ಕಲ್ಮೇಶ ಹಿಗ್ಗಿದ. ಅಷ್ಟು ಮಾಡಿದವನು ಸ್ವಲ್ಪ ಹಿಗ್ಗಿದರೆ ತಪ್ಪೂ ಇಲ್ಲ.

ಒಂದು ಮಧ್ಯಾಹ್ನ ಅಪ್ಪಾರು ಅವನ ಕೋಣೆಗೆ ಬಂದರು. ಕಲ್ಮೇಶ ಪೇರಲ ಕಚ್ಚುತ್ತಾ, ಯಾರೋ ಅಪರಿಚಿತರು ಈಮೇಲಿನಲ್ಲಿ ಕಳಿಸಿದ್ದ ಯಾವುದೋ ಫೈಲನ್ನು ತೆರೆಯಲು ಹೊರಟಿದ್ದ. ಗುರುಗಳನ್ನು ಕಂಡು ಎದ್ದು ನಿಂತ. ಈಗ ಪೂರ್ತಿ ತಿಳಿಯಿತೆಂದೂ, ಸೌಟು ಯಾರ ಕೈಗೂ ಹೋಗಿಲ್ಲವೆಂದೂ, ಸಾರು ಎಲ್ಲರಿಗೂ ಮುಟ್ಟುತ್ತಿದೆಯೆಂದೂ ಸಂತೋಷದಿಂದ ಹೇಳಿದ.

ಅಪ್ಪಾರು ಒಂದು ಪೇರಲ ಹಣ್ಣು ತೆಗೆದುಕೊಂಡು ಕುರ್ಚಿ ಎಳೆದು ಕುಳಿತರು.

"ಈಗೇನ್ ಮಾಡಾಕತ್ತಿದ್ದಿ?"

"ಏನಿಲ್ರಿ, ನನ್ನ ಈಮೇಲ್ ನೋಡಾಕತ್ತಿದ್ದೆ."

"ಯಾವ ಹೆಸರಿನಾಗ?"

ಕಲ್ಮೇಶ ಪರದೆಯ ಕಡೆ ನೋಡಿದ. ಎಲ್ಲರಿಗೂ ಸಣ್ಣ ಹೆಸರು ಹಂಚಿದವನು ತನಗೊಂದು ಮಾಡಿಕೊಂಡಿರಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ, ಇಷ್ಟು ದಿನವೂ, ಅವನು ಕುಳಿತದ್ದು ಆ ದೊಡ್ಡ ಹೆಸರಿನಲ್ಲೇ. ಆ ಅಪರಿಚಿತರ ಫೈಲಿನಲ್ಲಿ ಕೇಡೇನಾದರೂ ಇದ್ದಿದ್ದರೆ, ಅದೇ ಹೆಸರು ಹಿಡಿದು ಎಲ್ಲರ ಕಂಪ್ಯೂಟರುಗಳಿಗೂ ಹೊಕ್ಕುಬಿಡುತ್ತಿತ್ತು. ಕಚ್ಚಿದ ಹಣ್ಣನ್ನು ಮೇಜಿನ ಮೇಲಿಟ್ಟ.

ಅಪ್ಪಾರು ತಮ್ಮ ಹಣ್ಣನ್ನು ನಿಧಾನವಾಗಿ ಒರೆಸಿಕೊಂಡರು.

"ನೀ ಉಣ್ಣಾಕ ಕುಂತಾಗ ಸೌಟು ಎಲ್ಲಿ ಇಡ್ತಿ, ತಮ್ಮಾ?"